ಹೊಲದಿಂದ ಕಣಜದವರೆಗೆ: ಚಳಿಗಾಲದಲ್ಲಿ ರಾಗಿಯನ್ನು ಕೆಡಿಸದೆ ಮನೆ ತುಂಬಿಸುವ ಬಗೆ

ಸಂಕ್ರಾಂತಿ ಕಳೆದು ಹದಿನೈದು ದಿನವಾಗುವಷ್ಟರಲ್ಲಿ ಪ್ರತಿ ವರ್ಷ ಅದೇ ಮೂರು ದೂರು. ಹೊಸ ರಾಗಿ ಹಿಟ್ಟು ಮುಗ್ಗಲು ವಾಸನೆ ಬರುತ್ತಿದೆ. ರೊಟ್ಟಿ ತಿಂದರೆ ಹಲ್ಲಿಗೆ ಕಲ್ಲು ಸಿಗುತ್ತಿದೆ. ಖರೀದಿ ಕೇಂದ್ರಕ್ಕೆ ಒಯ್ದ ಮೂಟೆ ತೇವ ಜಾಸ್ತಿ ಎಂದು ವಾಪಸ್ ಬಂದಿದೆ. ವಾಸನೆ ಹುಟ್ಟುವುದು ಮೆದೆಯಲ್ಲಿ (ತೆನೆ ಸಮೇತ ಹೊರೆ ಒಟ್ಟಿದ ರಾಶಿ), ಕಲ್ಲು ಸೇರುವುದು ಕಾಳು ಒಕ್ಕುವ ಕಣದಲ್ಲಿ, ತೇವ ಉಳಿಯುವುದು ಕೊನೆಯ ಎರಡು ದಿನದ ಅವಸರದಲ್ಲಿ. ಮೂಟೆ ಹೊಲಿದ ಮೇಲೆ ಯಾವುದನ್ನೂ ಸುಲಭಕ್ಕೆ ಸರಿಮಾಡಲಾಗುವುದಿಲ್ಲ. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದೇ ಇಲ್ಲಿ ಮುಖ್ಯ.

ಕೆಳಗಿನದು ಒಂದೆರಡು ಎಕರೆ ಮಳೆಯಾಶ್ರಿತ ರಾಗಿ ಇರುವ, ಮನೆಮಂದಿಯೇ ದುಡಿಯುವ ಬಯಲುಸೀಮೆ ಕುಟುಂಬಕ್ಕೆ. ಕಟಾವು ಯಂತ್ರ ಕರೆಸಿ ಒಂದೇ ದಿನಕ್ಕೆ ಮುಗಿಸುವವರು ಏಳನೇ ಹಂತದಿಂದ ಓದಿದರೆ ಸಾಕು.

ಮೊದಲೇ ಹೊಂದಿಸಿಕೊಳ್ಳಬೇಕಾದದ್ದು

ಕಕ್ಕು ಹೊಡೆಸಿದ (ಹಲ್ಲು ಹರಿತ ಮಾಡಿಸಿದ) ಕುಡುಗೋಲು ತಲೆಗೊಂದು. ಎರಡು ದೊಡ್ಡ ಟಾರ್ಪಾಲು: ಒಂದು ಹಾಸಲು, ಒಂದು ಹೊದಿಸಲು. ಎರಡು ಮೊರ, ಒಂದು ವಂದರಿ (ಜರಡಿ), ಹೊಸ ಬರಲು (ಪೊರಕೆ), ಆಳುದ್ದದ ಕಬ್ಬಿಣದ ಸರಳು, ಒಳಗೆ ತೇವವಿಲ್ಲದ ಒಂದು ಗಾಜಿನ ಬಾಟಲಿ. ಸರಳು, ಬಾಟಲಿ ಯಾಕೆಂದು ಮುಂದೆ ಗೊತ್ತಾಗುತ್ತದೆ. ಗೋಣಿಚೀಲ ಹಳೆಯದಾದರೆ ಈಗಲೇ ತಿರುವಿ ಹಾಕಿ ಕೊಡವಿ, ಎರಡು ದಿನ ಬಿಸಿಲಿಗೆ ಹಾಕಿ. ಕಳೆದ ವರ್ಷ ಅದರಲ್ಲಿ ಅವರೆಕಾಳು ತುಂಬಿದ್ದರೆ ಹುಳ ಅಂಚಿನ ಹೊಲಿಗೆಯಲ್ಲೇ ಇರುತ್ತದೆ.

ಆಳಿನ ಲೆಕ್ಕವನ್ನೂ ಮೊದಲೇ ಮಾಡಿ. ಕುಯ್ಲಿಗೆ ಮುಯ್ಯಾಳು (ಕೆಲಸಕ್ಕೆ ಬದಲು ಕೆಲಸ ಮಾಡುವವರು) ಸಿಕ್ಕರೆ ಒಳ್ಳೆಯದು, ಆದರೆ ಮೆದೆ ಒಟ್ಟಲು ಕೈ ಪಳಗಿದವರು ಒಬ್ಬರಾದರೂ ಬೇಕು. ದಮ್ಮು (ಉಬ್ಬಸ) ಇರುವವರನ್ನು ಒಕ್ಕಣೆ ಮತ್ತು ತೂರುವ ದಿನ ಕಣದ ಹತ್ತಿರ ಬಿಡಬೇಡಿ. ಅವರಿಗೆ ಮನೆಯಲ್ಲಿ ಅವರೆಕಾಯಿ ಬಿಡಿಸುವ ಕೆಲಸ ಬೇಕಾದಷ್ಟಿರುತ್ತದೆ.

ಹಂತ 1: ಕುಯ್ಯುವ ದಿನ ಗೊತ್ತುಮಾಡುವುದು

ಬಿತ್ತಿದ ತಾರೀಖು ಬರೆದಿಟ್ಟಿದ್ದರೆ ಅರ್ಧ ಕೆಲಸ ಆದಂತೆ. ಎಂ.ಎಲ್ 365 ಸುಮಾರು 105–110 ದಿನಕ್ಕೆ, ಜಿ.ಪಿ.ಯು 28 ತಳಿ 110–115 ದಿನಕ್ಕೆ ಬರುತ್ತದೆ. ಎಂ.ಆರ್ 1ರಂಥ ದೀರ್ಘಾವಧಿ ತಳಿಗೆ ನಾಲ್ಕು ತಿಂಗಳು ಬೇಕು. ಆದರೂ ಕೊನೆಯ ಮಾತು ತೆನೆಯದೇ.

ಹೊಲದ ಅಂಚಿನ ತೆನೆ ನೋಡಿ ತೀರ್ಮಾನ ಮಾಡಬೇಡಿ, ಅಂಚು ಯಾವಾಗಲೂ ಮುಂದೆ ಹಣ್ಣಾಗುತ್ತದೆ. ನಡುವಿಗೆ ಹೋಗಿ ಹತ್ತು ಕಡೆ ತೆನೆ ಹಿಡಿದು ಅಂಗೈಯಲ್ಲಿ ಉಜ್ಜಿ. ಕಾಳು ಕಂದುಗೆಂಪಾಗಿ ಸಲೀಸಾಗಿ ಬಿಟ್ಟುಕೊಂಡು, ಉಗುರಿನಲ್ಲಿ ಒತ್ತಿದರೆ ಹಾಲು ಒಸರದೆ ಗಟ್ಟಿಯಾಗಿರಬೇಕು. ತಾಯಿತೆನೆ ಹಣ್ಣಾಗಿದ್ದರೂ ಪಕ್ಕದಲ್ಲಿ ಒಡೆದ ಮರಿತೆಂಡೆಯ ತೆನೆ ಹಸಿರಾಗಿರುವುದುಂಟು. ಹತ್ತರಲ್ಲಿ ಎಂಟು ಹಣ್ಣಾಗಿದ್ದರೆ ಕುಡುಗೋಲು ಹಾಕಿ. ಎಲ್ಲವೂ ಆಗಲಿ ಎಂದು ಕಾದರೆ ದೊಡ್ಡ ತೆನೆಗಳು ಕತ್ತು ಮುರಿದು ನೆಲ ಸೇರುತ್ತವೆ.

ಬಿತ್ತನೆಗೆ ಬೇಕಾದ ತೆನೆಯನ್ನೂ ಇದೇ ಹೊತ್ತಿನಲ್ಲಿ, ಹೊಲ ನಿಂತಿರುವಾಗಲೇ ಆರಿಸಿಕೊಳ್ಳಿ. ಕೂರಿಗೆ ಬಿತ್ತನೆಗೆ ಎಕರೆಗೆ 5 ಕೆ.ಜಿ ಲೆಕ್ಕ ಇಟ್ಟುಕೊಂಡರೆ ಒಂದು ಮಂಕರಿ ತುಂಬಾ ಒಳ್ಳೆಯ ತೆನೆ ಸಾಕು. ರಾಶಿ ಆದ ಮೇಲೆ ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ನವೆಂಬರ್, ಡಿಸೆಂಬರಿನಲ್ಲಿ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ನಮ್ಮಲ್ಲಿ ಮೂರು ನಾಲ್ಕು ದಿನ ಜಡಿಮಳೆ ಹಿಡಿಯುತ್ತದೆ. ಮುನ್ಸೂಚನೆಯಲ್ಲಿ ಅದು ಕಂಡರೆ ಕುಯ್ಯಬೇಡಿ. ನಿಂತ ಪೈರು ನೆನೆದರೆ ಗಾಳಿಗೆ ಆರಿಕೊಳ್ಳುತ್ತದೆ. ಕುಯ್ದು ಮಲಗಿಸಿದ್ದು ನೆನೆದರೆ ತೆನೆಯಲ್ಲೇ ಮೊಳಕೆ ಬರುತ್ತದೆ.

ಹಂತ 2: ಕುಯ್ದು ಅರಿ ಹಾಕುವುದು

ಕುಯ್ಲನ್ನು ಬೆಳಗಿನ ಇಬ್ಬನಿ ಇದ್ದಾಗ ಶುರುಮಾಡಬಹುದು. ಕಡ್ಡಿ ಮೆತ್ತಗಿರುವುದರಿಂದ ಕುಡುಗೋಲು ಸಲೀಸಾಗಿ ಓಡುತ್ತದೆ, ತೆನೆ ಮುರಿಯುವುದಿಲ್ಲ. ನೆಲಕ್ಕೆ ನಾಲ್ಕು ಬೆರಳು ಬಿಟ್ಟು ಕುಯ್ಯಿರಿ. ಅಕ್ಕಡಿ ಸಾಲಿನ (ರಾಗಿಯ ನಡುವೆ ಬಿತ್ತಿದ) ಅವರೆ, ತೊಗರಿ ಗಿಡಗಳನ್ನು ನೋಡಿಕೊಂಡು ಕೈ ಆಡಿಸಿ. ಅವುಗಳ ಕಾಲ ಇನ್ನೂ ಮುಂದಿದೆ.

ಕುಯ್ದದ್ದನ್ನು ತೆಳ್ಳಗೆ ಅರಿ ಹಾಕಿ, ಅಂದರೆ ಹಿಡಿ ಹಿಡಿಯಾಗಿ ನೆಲದ ಮೇಲೆ ಮಲಗಿಸಿ, ತೆನೆಗಳೆಲ್ಲ ಒಂದೇ ದಿಕ್ಕಿಗಿರಲಿ. ಮೂರು ನಾಲ್ಕು ದಿನದ ಬಿಸಿಲು ಬೇಕು. ಮೋಡವಿದ್ದರೆ ಐದಾರು ದಿನ. ನಡುವೆ ಒಮ್ಮೆ ಮಗುಚಿ ಹಾಕಿ, ಏಕೆಂದರೆ ಮೇಲೆ ಒಣಗಿದ ಅರಿಯ ಕೆಳಮೈ ನೆಲದ ತೇವ ಕುಡಿಯುತ್ತಲೇ ಇರುತ್ತದೆ.

ಎಚ್ಚರಿಕೆ ಒಂದಿದೆ. ರಾತ್ರಿ ಕಳೆದ ಅರಿಯನ್ನು ಬರಿಗೈಯಲ್ಲಿ ಬಾಚಬೇಡಿ. ಇಲಿ ಹುಡುಕಿಕೊಂಡು ಬಂದ ಕೊಳಕುಮಂಡಲ ಹಾವು ಬೆಚ್ಚಗೆ ಅದರಡಿ ಸುತ್ತಿಕೊಂಡಿರುತ್ತದೆ, ಹುಲ್ಲಿನ ಬಣ್ಣಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕೋಲಿನಿಂದ ಒಮ್ಮೆ ಎತ್ತಿ ಕೊಡವಿ, ಆಮೇಲೆ ಕೈ ಹಾಕಿ. ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ಹಂತ 3: ಹೊರೆ ಕಟ್ಟಿ ಮೆದೆ ಒಟ್ಟುವುದು

ಹೆಚ್ಚಿನವರು ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಹೊರೆಯನ್ನು ಬೆಳಗ್ಗೆಯೇ ಕಟ್ಟಬೇಕು. ಮಧ್ಯಾಹ್ನದ ಬಿಸಿಲಲ್ಲಿ ಕಟ್ಟಲು ಹೋದರೆ ತೆನೆ ಪಟಪಟ ಮುರಿದು ಕಾಳು ಹೊಲದಲ್ಲೇ ಉಳಿಯುತ್ತದೆ. ಆದರೆ ಬೆಳಗ್ಗೆ ಕಟ್ಟಿದ ಹೊರೆಯಲ್ಲಿ ಇಬ್ಬನಿ ಇರುತ್ತದೆ. ಹಾಗಾಗಿ ಬಿಗಿಯದೆ ಸಡಿಲವಾಗಿ ಕಟ್ಟಿ, ನಾಲ್ಕೈದು ಹೊರೆ ಸೇರಿಸಿ ತೆನೆ ಮೇಲಾಗಿ ಒಂದಕ್ಕೊಂದು ಒರಗಿಸಿ ನಿಲ್ಲಿಸಿ. ಬಿಸಿಲು, ಗಾಳಿ ಎರಡೂ ಆಡಿ ಮೂರು ಗಂಟೆ ಹೊತ್ತಿಗೆ ಆರಿರುತ್ತದೆ. ಮೆದೆ ಕೆಲಸ ಶುರುವಾಗಬೇಕಾದದ್ದು ಆಗ. ಬೆಳಗ್ಗೆ ಕಟ್ಟಿದ್ದನ್ನು ಬೆಳಗ್ಗೆಯೇ ಒಟ್ಟುವುದು ಎಲ್ಲರೂ ಮಾಡುವ ತಪ್ಪು.

ಜಾಗ ಎತ್ತರದಲ್ಲಿರಲಿ, ಮಳೆ ನೀರು ಹರಿದು ಹೋಗುವಂತಿರಲಿ. ಕೆಳಗೆ ಕಲ್ಲು ಹಾಸಿ, ಮೇಲೆ ತೊಗರಿಕಡ್ಡಿಯನ್ನೋ ಒಣ ಸೌದೆಯನ್ನೋ ಒಂದು ಮೊಳ ದಪ್ಪ ಹರಡಿ. ಮೊದಲು ನಡುವಿನಲ್ಲಿ ನಾಲ್ಕು ಹೊರೆ ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಗುಂಡಗೆ ಹೊರೆ ಮಲಗಿಸುತ್ತಾ ಬನ್ನಿ. ತೆನೆ ಒಳಗೆ, ಬುಡ ಹೊರಗೆ. ನಡು ಯಾವಾಗಲೂ ಅಂಚಿಗಿಂತ ಎತ್ತರವಿರಬೇಕು. ಹಾಗಿದ್ದರೆ ಪ್ರತಿ ಹೊರೆಯೂ ಹೊರಕ್ಕೆ ಇಳಿಜಾರಾಗಿ ಮಲಗುತ್ತದೆ, ಮಳೆ ಬಿದ್ದರೆ ನೀರು ಬುಡದ ಕಡೆಗೇ ಜಾರುತ್ತದೆ. ನಡು ತಗ್ಗಿದರೆ ಇಡೀ ಮೆದೆ ಆಲಿಕೆಯಾಗಿ ನೀರನ್ನು ತೆನೆಗೇ ಸುರಿಯುತ್ತದೆ. ಪ್ರತಿ ಸುತ್ತು ಮುಗಿದಾಗ ಕೆಳಗಿಳಿದು ದೂರದಿಂದ ಒಮ್ಮೆ ನೋಡಿ. ಮೆದೆಯ ಮೇಲೆ ನಿಂತವರಿಗೆ ಸೊಟ್ಟ ಕಾಣುವುದಿಲ್ಲ.

ಮೇಲೆ ನೆಲ್ಲುಹುಲ್ಲಿನಿಂದ ತಲೆ ಕಟ್ಟಿ. ಟಾರ್ಪಾಲು ಬೇಕೇ ಬೇಕೆಂದರೆ ತಲೆಗೆ ಮಾತ್ರ ಹೊದಿಸಿ, ಪಕ್ಕಗಳು ತೆರೆದಿರಲಿ.

ಈ ಕೊನೆಯ ಮಾತು ನಮ್ಮ ಮನೆ ಕಲಿತದ್ದು ದಂಡ ತೆತ್ತು. ಒಂದು ವರ್ಷ ಜಡಿ ಹಿಡಿಯುವ ಸುದ್ದಿಗೆ ಹೆದರಿ, ಅರಿ ಹಾಕಿದ ಎರಡನೇ ದಿನವೇ ಬಾಚಿ ಮೆದೆ ಒಟ್ಟಿ, ಕಪ್ಪು ಟಾರ್ಪಾಲನ್ನು ನೆಲದವರೆಗೂ ಇಳಿಸಿ ಕಲ್ಲು ಹೇರಿದೆವು. ನಾಲ್ಕನೇ ದಿನ ಅಜ್ಜಿ ಪಕ್ಕದಿಂದ ಕೈ ತೂರಿಸಿ ನೋಡಿದರು. "ಏನ್ಲಾ ಇದು, ನೀರ್ ಕಾಯ್ಸೋ ಹಂಡೆ ಮುಟ್ದಂಗೈತೆ" ಎಂದರು. ಬಿಚ್ಚಿದರೆ ಒಳಗಿಂದ ಹಬೆ ಬಂತು, ನಡುವಿನ ತೆನೆಗಳಿಗೆ ಬಿಳಿ ಬೂಷ್ಟು. ನಾಲ್ಕು ದಿನ ಮತ್ತೆ ಒಣಗಿಸಿದೆವು. ಬಣ್ಣ ಬಂತು, ವಾಸನೆ ಹೋಗಲಿಲ್ಲ.

*ಮೆದೆ ಕಾಯುತ್ತಿದೆಯೇ ಎಂದು ನೋಡುವುದು ಹೇಗೆ*

ಒಟ್ಟಿದ ಮೂರನೇ ದಿನ, ಆರನೇ ದಿನ, ಆಮೇಲೆ ವಾರಕ್ಕೊಮ್ಮೆ ಕಬ್ಬಿಣದ ಸರಳನ್ನು ಮೆದೆಯ ನಡುವಿನವರೆಗೆ ತೂರಿಸಿ ಕಾಲು ಗಂಟೆ ಬಿಡಿ. ಎಳೆದ ಕೂಡಲೇ ತುದಿ ಹಿಡಿದು ನೋಡಿ. ತಣ್ಣಗಿದ್ದರೆ, ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಹಿಡಿದುಕೊಳ್ಳಲಾಗದಷ್ಟು ಬಿಸಿಯಿದ್ದರೆ ಅದೇ ದಿನ ಮೆದೆ ಬಿಚ್ಚಬೇಕು, ನಾಳೆ ಎನ್ನಬಾರದು. ಬೆಳಗಿನ ಚಳಿಯಲ್ಲಿ ಮೆದೆಯ ತಲೆಯಿಂದ ಹಬೆ ಏಳುವುದು, ಹುಳಿ ವಾಸನೆ, ಸರಳಿನ ತುದಿಯಲ್ಲಿ ತೇವ, ಇವೂ ಅದೇ ರೋಗದ ಗುರುತು. ಹಸಿ ಹುಲ್ಲು ಒಳಗೊಳಗೇ ಕಾದು ಬೆಂಕಿ ಹತ್ತಿಕೊಳ್ಳುವುದೂ ಉಂಟು. ಹಾಗಾಗಿ ಬಿಚ್ಚುವಾಗ ಪಕ್ಕದಲ್ಲಿ ನೀರು ತುಂಬಿದ ಬಿಂದಿಗೆಗಳಿರಲಿ.

ಬೂಷ್ಟು ಹಿಡಿದ ತೆನೆಯನ್ನು ಬೇರೆ ಮಾಡಿ ತಿಪ್ಪೆಗೆ ಹಾಕಿ. ತೊಳೆದರೆ, ಬೇಯಿಸಿದರೆ ಹೋಯಿತು ಎನ್ನುವಂತಿಲ್ಲ. ಬೂಷ್ಟು ಬಿಡುವ ವಿಷ ಒಲೆಯ ಬಿಸಿಗೆ ಪೂರಾ ಸಾಯುವುದಿಲ್ಲ. ದನಕ್ಕೂ ಬೇಡ, ಕೋಳಿಗೂ ಬೇಡ.

ಸರಿಯಾಗಿ ಒಣಗಿದ ಮೆದೆ ತಿಂಗಳುಗಟ್ಟಲೆ ನಿಂತರೂ ಕೆಡುವುದಿಲ್ಲ. ನಿಂತಷ್ಟೂ ಕಾಳು ತೆನೆ ಬಿಡುವುದು ಸುಲಭ. ಕನಿಷ್ಠ ಮೂರು ವಾರ ಬಿಡಿ.

ಹಂತ 4: ಕಣ ಮಾಡುವುದು

ಮೆದೆ ಹದವಾಗುತ್ತಿರುವಾಗ ಕಣದ ಕೆಲಸ. ಒಕ್ಕಣೆಗೆ ವಾರ ಮೊದಲೇ ಶುರುಮಾಡಿ.

ಮೊದಲು ಹುಲ್ಲು ಕೆತ್ತಿ ನೆಲ ಮಟ್ಟಮಾಡಿ. ಸಂಜೆ ನೀರು ಚಿಮುಕಿಸಿ, ಬೆಳಗ್ಗೆ ಗುಂಡು ಉರುಳಿಸಿ ಇಲ್ಲವೇ ದಮ್ಮಸ್ಸಿನಿಂದ ಬಡಿಯಿರಿ. ಗರಸು ನೆಲವಾದರೆ ಮೇಲೊಂದು ಪದರ ಕೆರೆಗೋಡು (ಕೆರೆಯ ಹೂಳುಮಣ್ಣು) ಹರಡಿ ಮತ್ತೆ ಬಡಿಯಲೇಬೇಕು. ಒಣಗಿದ ಮೇಲೆ ಸಗಣಿ ಬಗ್ಗಡ. ಒಂದು ಸಲ ಸಾರಿಸಿ ಬಿಡುವುದು ಸಾಲದು: ಮೊದಲ ಸಲದ್ದು ಒಣಗಿ ಬಿರುಕು ಬಿಡುತ್ತದೆ, ಎರಡನೇ ಸಲದ್ದು ಆ ಬಿರುಕು ಮುಚ್ಚುತ್ತದೆ. ಆಮೇಲೆ ಬರಿಗಾಲಲ್ಲಿ ಕಣದ ಮೇಲೆ ಓಡಾಡಿ. ಅಂಗಾಲಿಗೆ ಒಂದು ಹರಳು ತಾಕಿದರೂ ಅದು ನಿಮ್ಮ ಹಿಟ್ಟಿಗೆ ಬರುವ ಹರಳು.

ಇಷ್ಟೊಂದು ಯಾಕೆ ಎನ್ನುವವರಿಗೆ: ರಾಗಿ ಗಾತ್ರದ ಮಣ್ಣಿನ ಹರಳನ್ನು ಯಾವ ವಂದರಿಯೂ ಬೇರೆ ಮಾಡುವುದಿಲ್ಲ, ರಾಗಿ ಹೋದ ಕಣ್ಣಿನಲ್ಲಿ ಅದೂ ಹೋಗುತ್ತದೆ. ಗಾಳಿಗೂ ಅದು ಹಾರುವುದಿಲ್ಲ. ಕಲ್ಲು ಬರದಂತೆ ತಡೆಯುವ ಜಾಗ ಇದೊಂದೇ.

ಕಣ ಬೇಡ, ಟಾರು ರಸ್ತೆಗೆ ಹಾಕಿದರೆ ಬಸ್ಸು ಲಾರಿಗಳೇ ತುಳಿದು ಕೊಡುತ್ತವೆ ಎನ್ನುವುದು ಈಗ ರೂಢಿ. ಜಲ್ಲಿ ಪುಡಿ, ಎಣ್ಣೆ ಎಲ್ಲ ರಾಗಿಗೆ. ಅದಕ್ಕಿಂತ ಹೆಚ್ಚಾಗಿ, ರಾತ್ರಿ ಬೈಕಿನಲ್ಲಿ ಬಂದವನು ಹುಲ್ಲಿನ ಮೇಲೆ ಜಾರಿದರೆ ಆ ಪಾಪ ಯಾರ ತಲೆಗೆ? ಜಾಗವಿಲ್ಲದವರು ದಪ್ಪ ಟಾರ್ಪಾಲು ಹಾಸಿ ಕೋಲಿನಿಂದ ಬಡಿಯಲಿ, ಇಲ್ಲವೇ ಪಕ್ಕದವರ ಕಣ ಎರಡು ದಿನ ಕೇಳಲಿ.

ಹಂತ 5: ಒಕ್ಕಣೆ

ಹೊರೆ ಬಿಚ್ಚಿ ಬೆಳಗ್ಗೆ ಹತ್ತರ ಹೊತ್ತಿಗೆ ಕಣದ ತುಂಬಾ ಒಂದಡಿ ದಪ್ಪ ಹರಡಿ. ಬಿಸಿಲಿಗೆ ತೆನೆ ಗರಿಗರಿಯಾಗಬೇಕು. ಹನ್ನೆರಡರಿಂದ ಮೂರರವರೆಗೆ ಒಕ್ಕಣೆಗೆ ಹದವಾದ ಹೊತ್ತು. ಸಂಜೆ ತಂಪು ಇಳಿದ ಮೇಲೆ ಎಷ್ಟು ಸುತ್ತು ಹೊಡೆದರೂ ತೆನೆ ಚಪ್ಪಟೆಯಾಗುತ್ತದೆಯೇ ಹೊರತು ಕಾಳು ಬಿಡುವುದಿಲ್ಲ.

ಎತ್ತಿನ ಜೊತೆ ರೋಣಗಲ್ಲು (ಒಕ್ಕುವ ಉರುಳುಗಲ್ಲು) ಇದ್ದವರಿಗೆ ಹೇಳಬೇಕಾದದ್ದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಕರೆಸುವವರು ಕಣಕ್ಕೆ ಇಳಿಸುವ ಮೊದಲು ಟೈರಿನ ಸಂದಿಯ ಮಣ್ಣನ್ನು ಕೆರೆಸಿ. ಕಣ ಎಷ್ಟೇ ಚೊಕ್ಕವಾಗಿದ್ದರೂ ಹತ್ತು ಹೊಲದ ಕಲ್ಲು ಅಲ್ಲಿಂದ ಉದುರುತ್ತದೆ. ಇಂಜಿನ್ನಿನ ಅಡಿಯಲ್ಲಿ ಎಣ್ಣೆ ತೊಟ್ಟಿಕ್ಕುತ್ತಿದೆಯೇ ಎಂದು ಬಗ್ಗಿ ನೋಡಿ. ನಿಧಾನ ಗೇರಿನಲ್ಲಿ ಸುತ್ತಿಸಿ, ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಹುಲ್ಲು ಮಗುಚಿ. ಓಡುತ್ತಿರುವ ಟ್ರ್ಯಾಕ್ಟರಿನ ಹಿಂದೆ ಹುಲ್ಲು ಮಗುಚಲು ಹೋಗಬೇಡಿ, ಮಕ್ಕಳನ್ನು ಚಾಲಕನ ಪಕ್ಕ ಕೂರಿಸಬೇಡಿ. ಮೂರು ಸಲ ಮಗುಚಿದ ಮೇಲೆ ಒಂದು ಹಿಡಿ ಹುಲ್ಲು ಎತ್ತಿ ಕೊಡವಿ. ಕಾಳು ಉದುರದಿದ್ದರೆ ಮುಗಿಯಿತು.

ಮೂಗಿಗೆ ಬಟ್ಟೆ ಎಲ್ಲರಿಗೂ ಕಡ್ಡಾಯ. ತೆನೆಯ ಸುಂಕಿನ (ನವಿರು ಧೂಳಿನ) ಕೆರೆತಕ್ಕೆ ತುಂಬುತೋಳಿನ ಅಂಗಿ.

ಹಂತ 6: ತೂರುವುದು

ಚಳಿಗಾಲದಲ್ಲಿ ನಮ್ಮ ಕಡೆ ಬೀಸುವುದು ಮೂಡಗಾಳಿ. ಆದ್ದರಿಂದ ರಾಶಿಯನ್ನು ಕಣದ ಮೂಡಣ ಬದಿಗೆ ಎಳೆದುಕೊಳ್ಳಿ, ಹೊಟ್ಟು ಪಡುವಣಕ್ಕೆ ಹಾರಲಿ. ಮನೆ, ಬಾವಿ, ಒಣಗಲು ಹಾಕಿದ ಬಟ್ಟೆ ಆ ಕಡೆ ಇರಬಾರದು.

ಗಾಳಿಗೆ ಅಡ್ಡವಾಗಿ ಸ್ಟೂಲಿನ ಮೇಲೆ ನಿಂತು, ಮೊರವನ್ನು ತಲೆಯೆತ್ತರಕ್ಕೆ ಹಿಡಿದು ಅಂಚಿನಿಂದ ತೆಳ್ಳಗೆ ಸುರಿಯಿರಿ. ಗಾಳಿ ನಿಂತರೆ ಕೈಯೂ ನಿಲ್ಲಬೇಕು. ಕೆಳಗೆ ಬಿದ್ದದ್ದು ತಾನಾಗಿಯೇ ಮೂರು ಪಾಲಾಗುತ್ತದೆ: ಕಾಲ ಬುಡದಲ್ಲಿ ಗಟ್ಟಿ ಕಾಳು, ಒಂದು ಮಾರಾಚೆ ಜೊಳ್ಳು ಬೆರೆತದ್ದು, ಅದರಾಚೆ ಹೊಟ್ಟು. ನಡುವಿನ ಪಾಲನ್ನು ರಾಶಿಗೆ ಎಳೆಯುವ ಆಸೆ ಬೇಡ. ಅದನ್ನು ಬೇರೆ ಇಟ್ಟು ಮತ್ತೊಮ್ಮೆ ತೂರಿ, ಉಳಿದದ್ದು ಕೋಳಿಗೆ. ಗಾಳಿಯಿಲ್ಲದ ದಿನ ಫ್ಯಾನ್ ಇಟ್ಟು ತೂರಬಹುದು, ವೈರಿನ ತೇಪೆಗಳನ್ನು ನೋಡಿಕೊಂಡು.

ಆಮೇಲೆ ವಂದರಿ. ಕಡ್ಡಿ, ತೆನೆಚೂರು ಮೇಲುಳಿಯುತ್ತವೆ. ರಾಶಿಯ ತಳದ ಕೊನೆಯ ಎರಡು ಮೊರದಷ್ಟನ್ನು ಯಾವಾಗಲೂ ಬೇರೆ ಚೀಲಕ್ಕೆ ಹಾಕಿ ಗುರುತು ಕಟ್ಟಿ. ಕಲ್ಲೆಲ್ಲ ಅದರಲ್ಲೇ ಇರುತ್ತದೆ. ರಾಶಿಪೂಜೆ ಮಾಡುವವರು ಇಲ್ಲಿಗೆ ಮಾಡಿಕೊಳ್ಳಲಿ, ಆದರೆ ನೀರು ಚಿಮುಕಿಸುವಾಗ ಕೈ ಬಿಗಿಯಿರಲಿ.

ಹಂತ 7: ಒಣಗಿಸುವುದು

ಒಕ್ಕಣೆ ಆಯಿತು, ಇನ್ನೇನು ಎಂದು ಅದೇ ಸಂಜೆ ಚೀಲ ತುಂಬುವವರೇ ಹೆಚ್ಚು. ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ, ಆದರೆ ಒಳಗಿನ ತೇವ ಕೈಗೆ ಗೊತ್ತಾಗುವುದಿಲ್ಲ. ಶೇ. 12ಕ್ಕೆ ಇಳಿಯಬೇಕು. ಸರ್ಕಾರಿ ಖರೀದಿಯಲ್ಲೂ ಮಿತಿ ಅಷ್ಟೇ. 2025–26ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ ಇತ್ತು. ತೇವದ ಕಾರಣಕ್ಕೆ ಮೂಟೆ ತಿರುಗಿ ಬಂದರೆ ಟೆಂಪೋ ಬಾಡಿಗೆಯೂ ನಿಮ್ಮದೇ. ಮಾರುವ ಯೋಚನೆಯಿದ್ದರೆ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ) ರಾಗಿ ಬೆಳೆ ನಮೂದಾಗಿದೆಯೇ ಎಂದು ಮೆದೆ ನಿಂತಿರುವಾಗಲೇ ನೋಡಿಸಿಕೊಳ್ಳಿ.

ಟಾರ್ಪಾಲಿನ ಮೇಲೆ ಒಂದು ಅಂಗುಲಕ್ಕಿಂತ ದಪ್ಪವಾಗದಂತೆ ಹರಡಿ. ಗಂಟೆಗೊಮ್ಮೆ ಬರಿಗಾಲನ್ನು ಎಳೆಯುತ್ತಾ ಉದ್ದಕ್ಕೆ ಸಾಲು ಬಿಡಿ, ಮುಂದಿನ ಸಲ ಅಡ್ಡಕ್ಕೆ. ನೇಗಿಲ ಸಾಲಿನಂತೆ ಏರಿ ಬಿದ್ದ ಜಾಗದಲ್ಲಿ ಅಡಿಯ ಕಾಳು ಮೇಲೆ ಬರುತ್ತದೆ. ಮಕ್ಕಳಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ. ಕಾಲು ತೊಳೆದು ಒರೆಸಿಕೊಂಡು ಬಂದಿರಬೇಕು ಅಷ್ಟೇ.

ಸಂಜೆ ನಾಲ್ಕೂವರೆಗೆ, ಬಿಸಿಲು ಇನ್ನೂ ಇರುವಾಗಲೇ, ಗುಡ್ಡೆ ಮಾಡಿ ಮುಚ್ಚಿ. ಇಬ್ಬನಿಗೆ ಬಿಟ್ಟ ಒಂದು ರಾತ್ರಿ ಒಂದು ದಿನದ ಬಿಸಿಲನ್ನು ತಿಂದು ಹಾಕುತ್ತದೆ. ಹೀಗೆ ಮೂರು ದಿನ.

ಒಣಗಿತೇ ಎಂದು ನೋಡಲು ಎರಡು ಬಗೆ. ನಾಲ್ಕು ಕಾಳು ಮುಂಬಲ್ಲಿನಲ್ಲಿ ಕಚ್ಚಿ. ಟಕ್ಕೆಂದು ಒಡೆದು ಪುಡಿಯಾದರೆ ಸರಿ, ಹಲ್ಲಿಗೆ ಅಂಟಿ ಚಪ್ಪಟೆಯಾದರೆ ಇನ್ನೂ ಬೇಕು. ಇನ್ನೊಂದು ಬಾಟಲಿಯ ಪರೀಕ್ಷೆ: ಒಣ ಬಾಟಲಿಯಲ್ಲಿ ಮೂರನೇ ಒಂದು ಪಾಲು ರಾಗಿ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಐದಾರು ನಿಮಿಷ ಕುಲುಕಿ, ಸ್ವಲ್ಪ ಹೊತ್ತು ಬಿಡಿ. ಗಾಜಿನ ಒಳಮೈಗೆ ಉಪ್ಪು ಅಂಟಿಕೊಂಡರೆ ತೇವ ಶೇ. 15ಕ್ಕಿಂತ ಹೆಚ್ಚು ಎಂದರ್ಥ. ಅಂಟದಿದ್ದರೆ 15ರ ಕೆಳಗಿದೆ ಎಂದಷ್ಟೇ. 12 ಆಗಿದೆ ಎಂದಲ್ಲ. ಅದಾದ ಮೇಲೂ ಒಂದು ಪೂರ್ತಿ ದಿನದ ಬಿಸಿಲು ಕೊಡಿ.

ಹಂತ 8: ತುಂಬಿಡುವುದು

ಬಿಸಿಲಿಂದ ತೆಗೆದ ಬಿಸಿ ರಾಗಿಯನ್ನು ಚೀಲಕ್ಕೆ ಸುರಿಯಬೇಡಿ, ಒಳಗೆ ಬೆವರುತ್ತದೆ. ಒಂದು ರಾತ್ರಿ ಮನೆಯೊಳಗೆ ತಣ್ಣಗಾಗಲಿ, ಬೆಳಗ್ಗೆ ತುಂಬಿ. ಮೂಟೆಯಾದರೆ ಅಡಿಗೆ ಹಲಗೆ, ಗೋಡೆಯಿಂದ ಒಂದಡಿ ದೂರ. ಈ ದೂರ ಇಲಿಯ ಹಾದಿ ಕಾಣುವುದಕ್ಕೂ ಬೇಕು. ತಗಡಿನ ಡ್ರಮ್ ಇನ್ನೂ ಒಳ್ಳೆಯದು, ಆದರೆ ಪೂರಾ ಒಣಗಿದ ರಾಗಿಗೆ ಮಾತ್ರ. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕುವ ಅಭ್ಯಾಸವಿದ್ದರೆ ಹಾಕಿ, ಹಸಿ ಸೊಪ್ಪು ಮಾತ್ರ ಬೇಡ. ಬಿತ್ತನೆ ರಾಗಿ ಬೇರೆ ಗಡಿಗೆಗೆ, ತಳಿಯ ಹೆಸರು ಚೀಟಿಯಲ್ಲಿ ಬರೆದು.

ಹುಲ್ಲನ್ನು ಮರೆಯಬೇಡಿ. ದೊಡ್ಡ ದನವೊಂದಕ್ಕೆ ದಿನಕ್ಕೆ 5–6 ಕೆ.ಜಿ ಒಣಹುಲ್ಲು ಬೇಕು. ಕಣದಲ್ಲೇ ಎರಡು ದಿನ ಬಿಸಿಲು ತಾಗಿಸಿ ಬಣವೆ ಹಾಕಿ. ಒಲೆ, ಕರೆಂಟ್ ತಂತಿ ಎರಡರಿಂದಲೂ ದೂರವಿರಲಿ.

ಮೊದಲ ಹಿಟ್ಟು

ಗಿರಣಿಗೆ ಮೊದಲು ಎರಡು ಸೇರು ಮಾತ್ರ ಒಯ್ಯಿರಿ, ಆ ಹಿಟ್ಟಿನಲ್ಲಿ ಮುದ್ದೆ ಮಾಡಬೇಡಿ, ರೊಟ್ಟಿ ತಟ್ಟಿ. ಮುದ್ದೆಯನ್ನು ನುಂಗುತ್ತೇವೆ, ಕಲ್ಲಿದ್ದರೂ ಗೊತ್ತಾಗುವುದಿಲ್ಲ. ರೊಟ್ಟಿ ಅಗಿಯುವಾಗ ಹಲ್ಲು ಸುಳ್ಳು ಹೇಳುವುದಿಲ್ಲ. ಕರಕರ ಎಂದರೆ ಬೀಸಲು ಇಟ್ಟ ರಾಗಿಯನ್ನು ಅಗಲ ಬೋಗುಣಿಯಲ್ಲಿ ನೀರು ಹಾಕಿ ಗಾಳಿಸಿ. ಬೋಗುಣಿಯನ್ನು ಓರೆ ಮಾಡಿ ಮೆಲ್ಲಗೆ ತೂಗಿದರೆ ರಾಗಿ ನೀರಿನ ಜೊತೆ ಇನ್ನೊಂದು ಪಾತ್ರೆಗೆ ಜಾರುತ್ತದೆ, ಹರಳು ತಳದಲ್ಲೇ ಉಳಿಯುತ್ತದೆ. ಕೊನೆಯ ಒಂದು ಹಿಡಿ ರಾಗಿಯ ಆಸೆಗೆ ತಳ ಬಗ್ಗಿಸಬೇಡಿ. ಗಾಳಿಸಿದ ರಾಗಿಯನ್ನು ಅವತ್ತೇ ಬಿಸಿಲಿಗೆ ಹಾಕಿ, ಹಲ್ಲಿಗೆ ಟಕ್ಕೆನ್ನುವ ತನಕ ಒಣಗಿಸಿಯೇ ಗಿರಣಿಗೆ ಕಳಿಸಿ.